ಗಣೇಶ ಪಂಡಿತನೂ ಓಟಿನ ಲೆಕ್ಕವೂ

ನೈಪಾಲರ ಹೆಸರೆತ್ತಿದರೆ ಕನ್ನಡದ ಓದುಗರಲ್ಲಿ ಹಲವರು ಹುಬ್ಬು ಗಂಟಿಕ್ಕುತ್ತಾರೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. 1977ರಲ್ಲಿ ಬಂದ ‘ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್’ ಎಂಬ ಪುಸ್ತಕದಲ್ಲಿ ಅವರು ಹಂಪೆಯ ಪಾಳುಗೋಡೆಗಳ ನಡುವೆ ನಿಂತು ನಮ್ಮ ಇತಿಹಾಸದ ಮೇಲೆ ಒಂದು ತೀರ್ಪು ಕೊಟ್ಟರು. ಅದೇ ಪುಸ್ತಕದಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಕೈಗೆತ್ತಿಕೊಂಡು, ಅದೊಂದು ಕಾದಂಬರಿಯೆಂಬುದನ್ನು ಅರ್ಧ ಮರೆತು, ನಮ್ಮ ಸಮಾಜದ ರೋಗವನ್ನು ತೋರಿಸುವ ವೈದ್ಯರ ಚೀಟಿಯೋ ಎಂಬಂತೆ ಓದಿದರು. ನನಗೂ ಆಗ ಸಿಟ್ಟು ಬಂದಿತ್ತು. ಈಚೆಗೆ ಅವರ ಮೊದಲಿನ ಎರಡು ಕಾದಂಬರಿಗಳನ್ನು, ‘ದಿ ಮಿಸ್ಟಿಕ್ ಮ್ಯಾಸರ್’ (1957) ಮತ್ತು ‘ದಿ ಸಫ್ರೇಜ್ ಆಫ್ ಎಲ್ವೀರಾ’ (1958), ಮತ್ತೆ ಓದಲು ಕೂತಾಗ ಆ ಹಳೆಯ ಸಿಟ್ಟು ಮೂಲೆಯಲ್ಲಿ ಕೂತೇ ಇತ್ತು. ಅವರು ನಮ್ಮ ಕಾದಂಬರಿಯನ್ನು ಓದಿದ ಹಾಗೆ ನಾನು ಅವರ ಕಾದಂಬರಿಗಳನ್ನು ಓದಬಾರದೆಂದು ಮೊದಲೇ ನಿಶ್ಚಯಿಸಿಕೊಂಡೆ. ಆ ನಿಶ್ಚಯವನ್ನು ಎಷ್ಟರ ಮಟ್ಟಿಗೆ ನಡೆಸಿದ್ದೇನೆಂಬುದನ್ನು ಓದುಗರೇ ಹೇಳಬೇಕು.

ಎರಡೂ ಕಾದಂಬರಿಗಳು ಟ್ರಿನಿಡಾಡ್ ದ್ವೀಪದ ಭಾರತೀಯರವು. ಎರಡರಲ್ಲಿಯೂ ಚುನಾವಣೆಯೇ ಮುಖ್ಯ ಸಂಗತಿ. ಮೊದಲನೆಯದರಲ್ಲಿ ಒಬ್ಬ ಮನುಷ್ಯ ಜನಪ್ರತಿನಿಧಿಯಾಗುವ ಬಗೆ ಇದೆ. ಎರಡನೆಯದರಲ್ಲಿ ಒಂದು ಊರು ತನ್ನ ಪ್ರತಿನಿಧಿಯನ್ನು ಆರಿಸುವ ಬಗೆ ಇದೆ. ಎರಡೂ ನಗಿಸುವ ಪುಸ್ತಕಗಳು. ನಾನಂತೂ ಒಬ್ಬನೇ ಕೂತು ಗಟ್ಟಿಯಾಗಿ ನಕ್ಕು, ಮನೆಯವರಿಂದ ವಿಚಾರಣೆಗೆ ಗುರಿಯಾದೆ. ಆದರೆ ನಗು ನಿಂತ ಮೇಲೆ ಒಂದು ಪ್ರಶ್ನೆ ಉಳಿಯಿತು: ಯಾರನ್ನು ನೋಡಿ ನಕ್ಕೆ? ಅವರು ಅಲ್ಲಿಗೆ ಬಂದು ನಿಂತದ್ದು ಹೇಗೆ?

ಸ್ವಲ್ಪ ಚರಿತ್ರೆ ಹೇಳದೆ ವಿಧಿಯಿಲ್ಲ. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಕಲ್ಕತ್ತೆಯಿಂದ ಹೊರಟ ಕೂಲಿಗಳನ್ನು ಆ ದ್ವೀಪದಲ್ಲಿ ಇಳಿಸಿತು. ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾಗಿದ್ದರು. ಐದು ವರ್ಷದ ಕರಾರಿಗೆ ಹೆಬ್ಬೆಟ್ಟೊತ್ತಿ ಬಂದವರ ಸಂಖ್ಯೆ 1917ರಲ್ಲಿ ಈ ಪದ್ಧತಿ ನಿಲ್ಲುವ ವೇಳೆಗೆ 1,40,000ವನ್ನು ದಾಟಿತ್ತು. ಹೆಚ್ಚಿನವರು ಬಿಹಾರ ಮತ್ತು ಸಂಯುಕ್ತ ಪ್ರಾಂತದ ಹಳ್ಳಿಗರು. ಮದರಾಸಿನ ಬಂದರಿನಿಂದ ಹೋದವರೂ ಕೆಲವರಿದ್ದರು. ಕರಾರು ಮುಗಿದ ಮೇಲೆ ಬಹುಪಾಲು ಜನ ಅಲ್ಲೇ ನಿಂತರು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ದ್ವೀಪದ ಜನಸಂಖ್ಯೆಯಲ್ಲಿ ಮೂರನೆಯ ಒಂದು ಪಾಲು ಅವರೇ.

ಈ ಮೂರನೆಯ ಒಂದು ಪಾಲು ಜನಕ್ಕೆ ಆಡಳಿತದಲ್ಲಿ ಬಾಯಿಯೇ ಇರಲಿಲ್ಲ. ಹಾಗೆ ನೋಡಿದರೆ ಉಳಿದವರಿಗೂ ಇರಲಿಲ್ಲವೆನ್ನಿ. ಶಾಸನಸಭೆಯಲ್ಲಿದ್ದವರೆಲ್ಲ ಅಧಿಕಾರಿಗಳು ಅಥವಾ ಗವರ್ನರನು ನಾಮಕರಣ ಮಾಡಿದವರು. 1912ರಲ್ಲಿ ಜಾರ್ಜ್ ಫಿಟ್ಸ್‌ಪ್ಯಾಟ್ರಿಕ್ ಎಂಬ ವಕೀಲರನ್ನು ಭಾರತೀಯರ ಪರವಾಗಿ ನಾಮಕರಣ ಮಾಡಿದರು. ಹೆಸರು ನೋಡಿ ಬೆರಗಾಗಬೇಡಿ, ಅವರು ಭಾರತೀಯರೇ. ಆ ಸಭೆಯಲ್ಲಿ ಕೂತ ಮೊದಲ ಭಾರತೀಯ ಅವರು. ಮುಂದೆ, ಜನರಿಂದ ಆರಿಸಿ ಬಂದ ಸದಸ್ಯರು ಬೇಕೆಂಬ ಕೂಗೆದ್ದಾಗ ಮೇಜರ್ ವುಡ್ ಎಂಬ ಮಂತ್ರಿ ಲಂಡನ್ನಿನಿಂದ ಬಂದು ವಿಚಾರಿಸಿದರು. ಈ ವುಡ್ ನಮಗೆ ಅಪರಿಚಿತರಲ್ಲ. ನಾಲ್ಕು ವರ್ಷ ಕಳೆದ ಮೇಲೆ ಲಾರ್ಡ್ ಅರ್ವಿನ್ ಎಂಬ ಹೆಸರಿನಲ್ಲಿ ಇಲ್ಲಿಗೆ ವೈಸರಾಯ್ ಆಗಿ ಬಂದವರು ಅವರೇ. ಅಲ್ಲಿನ ಈಸ್ಟ್ ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಅವರ ಮುಂದೆ ನಿಂತು, ಚುನಾವಣೆ ತರುವುದಾದರೆ ನಮ್ಮ ಜನಕ್ಕೆ ಪ್ರತ್ಯೇಕ ಪ್ರಾತಿನಿಧ್ಯ ಕೊಡಿ ಎಂದು ಕೇಳಿತು. ಭಾರತೀಯರಲ್ಲೇ ಇದಕ್ಕೆ ಒಮ್ಮತವಿರಲಿಲ್ಲ. ವುಡ್ ತಮ್ಮ 1922ರ ವರದಿಯಲ್ಲಿ ಈ ಬೇಡಿಕೆಯನ್ನು ತಳ್ಳಿಹಾಕಿದರು. ಭಾರತದಲ್ಲಿ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಟ್ಟ ಸಾಮ್ರಾಜ್ಯವೇ ಟ್ರಿನಿಡಾಡಿನಲ್ಲಿ ಅದು ವಿಷವೆಂದು ಕಂಡುಕೊಂಡದ್ದು ವಿಚಿತ್ರವಾದರೂ ನಿಜ.

1925ರಲ್ಲಿ ಮೊದಲ ಚುನಾವಣೆ ನಡೆಯಿತು. ಸ್ಥಾನಗಳು ಏಳು. ಆಸ್ತಿ, ಆದಾಯಗಳ ಜರಡಿ ಹಿಡಿದು ನೂರಕ್ಕೆ ಆರು ಮಂದಿಗಷ್ಟೇ ಓಟು ಕೊಟ್ಟಿದ್ದರು. ಕಬ್ಬಿನ ಸೀಮೆಯಾದ ಕರೋನಿಯಿಂದ ಸರನ್ ತಿಲಕ್‌ಸಿಂಗ್ ಗೆದ್ದು ಬಂದರು. 1928ರಲ್ಲಿ ಅವರ ಜೊತೆಗೆ ಎಫ್. ಇ. ಎಂ. ಹುಸೇನ್, ತಿಮೊಥಿ ರೂಡಲ್ ಸೇರಿ ಮೂವರಾದರು. ಎಲ್ಲರಿಗೂ ಓಟು ದೊರೆತದ್ದು 1946ರಲ್ಲಿ. ನೈಪಾಲರ ಕಥೆಗಳು ಹೊರಡುವುದು ಇಲ್ಲಿಂದಲೇ.

‘ಮಿಸ್ಟಿಕ್ ಮ್ಯಾಸರ್’ನ ನಾಯಕ ಗಣೇಶ ರಾಮಸುಮೇರ್. ಪಟ್ಟಣದಲ್ಲಿ ಓದಿ, ಉಪಾಧ್ಯಾಯಗಿರಿಯಲ್ಲಿ ಸೋತು, ಫ್ವೆಂತೆ ಗ್ರೋವ್ ಎಂಬ ಕೊಂಪೆಯಲ್ಲಿ ಮೈ ಉಜ್ಜಿ ರೋಗ ವಾಸಿಮಾಡುವ ಕಸಬಿಗೆ ಇಳಿದು, ಅದೂ ಹತ್ತದೆ, ಕೊನೆಗೆ ಮಂತ್ರ ಬಲ್ಲ ಪಂಡಿತನೆಂದು ಹೆಸರು ಪಡೆಯುತ್ತಾನೆ. ಪುಸ್ತಕಗಳನ್ನು ರಾಶಿ ರಾಶಿಯಾಗಿ ಕೊಳ್ಳುವುದು, ಪುಸ್ತಕ ಬರೆಯುವುದು ಅವನ ಹುಚ್ಚು. ಹಿಂದೂಧರ್ಮದ ಮೇಲೆ ನೂರೊಂದು ಪ್ರಶ್ನೋತ್ತರಗಳ ಪುಸ್ತಿಕೆಯನ್ನೂ ಅಚ್ಚುಹಾಕಿಸುತ್ತಾನೆ. ಅಚ್ಚಿನ ಅಕ್ಷರದ ಮೇಲೆ ಅವನಿಗಿರುವ ಮೋಹವನ್ನು ನೈಪಾಲರು ಎಷ್ಟು ಅಕ್ಕರೆಯಿಂದ ಬರೆದಿದ್ದಾರೆಂದರೆ, ಆ ಪುಟಗಳಲ್ಲಿ ಅಣಕ ಯಾವುದು, ಪ್ರೀತಿ ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಅವರ ತಂದೆ ಸೀಪರಸಾದ್ ನೈಪಾಲರು ‘ಟ್ರಿನಿಡಾಡ್ ಗಾರ್ಡಿಯನ್’ ಪತ್ರಿಕೆಯಲ್ಲಿ ಕೆಲಸ ಮಾಡುತ್ತ, 1943ರಲ್ಲಿ ತಮ್ಮ ಕಥೆಗಳ ಒಂದು ಸಣ್ಣ ಪುಸ್ತಕವನ್ನು ಹೊರತಂದವರು. ಮಗನ ಅಕ್ಕರೆ ಎಲ್ಲಿಂದ ಬಂತೆಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಈ ಪುಸ್ತಕದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮದುವೆಯ ಖಿಚಡಿಯ ಪ್ರಸಂಗ. ಮದುವೆಯ ಮರುದಿನ ಅಳಿಯನ ಮುಂದೆ ಖಿಚಡಿಯ ತಟ್ಟೆ ಇಡುತ್ತಾರೆ. ಮಾವ ಎಷ್ಟು ಕೊಟ್ಟರೆ ಸಾಕೆನಿಸುತ್ತದೋ ಅಷ್ಟಾಗುವವರೆಗೆ ಅಳಿಯ ತುತ್ತು ಮುಟ್ಟಕೂಡದು. ಬಿಹಾರದಿಂದ ಹೋದ ಜನ ಸಮುದ್ರದಾಚೆಗೂ ಬಿಡದೆ ಒಯ್ದ ಸಂಪ್ರದಾಯವಿದು. ಹುಡುಗ ಓದಿದವನು, ಹೊಸಕಾಲದವನು, ಹೆಚ್ಚು ಪಟ್ಟುಹಿಡಿಯಲಾರ ಎಂದು ಮಾವ ರಾಮಲೋಗನ್ ನೆಚ್ಚಿರುತ್ತಾನೆ. ಗಣೇಶ ಮಾತಾಡುವುದಿಲ್ಲ, ಕೇಳುವುದಿಲ್ಲ, ಸುಮ್ಮನೆ ಕೂತಿರುತ್ತಾನೆ. ನೋಟಿನ ಮೇಲೆ ನೋಟು ಬೀಳುತ್ತ ಹೋಗುತ್ತದೆ. ರಾಮಲೋಗನ್ ಜನರೆದುರು ನಗುಮುಖ ಹೊತ್ತುಕೊಂಡೇ ಬಡವಾಗುತ್ತಾನೆ. ನಮ್ಮ ಕಡೆ ಬೀಗರ ಮುನಿಸು ಕಂಡವರಿಗೆ ಈ ಪುಟಗಳನ್ನು ಬೇರೆ ವಿವರಿಸಬೇಕಾಗಿಲ್ಲ.

ಗಣೇಶನ ರಾಜಕೀಯವೆಲ್ಲ ಆ ತಟ್ಟೆಯ ಮುಂದೆಯೇ ಹುಟ್ಟಿತೆಂದು ನನ್ನ ಎಣಿಕೆ. ಕೇಳದೆ, ಕೂಗಾಡದೆ, ಉಣ್ಣದಿರುವುದರಿಂದಲೇ ಬೇಕಾದದ್ದನ್ನು ಪಡೆಯಬಹುದೆಂಬ ವಿದ್ಯೆ ಅಲ್ಲಿ ಅವನ ಕೈವಶವಾಯಿತು. 1946ರಲ್ಲಿ ಶಾಸನಸಭೆಗೆ ಆರಿಸಿಬಂದ ಮೇಲೆ ಅವನು ಮಾಡುವುದೂ ಅದನ್ನೇ: ಸಭಾತ್ಯಾಗ. ಆಗಾಗ ಎದ್ದು ಹೊರನಡೆದು ಬಡವರ ಬಂಧುವೆಂದು ಹೆಸರು ಗಳಿಸುತ್ತಾನೆ. ಗವರ್ನರನ ಮನೆಯ ಭೋಜನಕೂಟದಲ್ಲಿ ಧೋತರ, ರುಮಾಲು ತೊಟ್ಟು ಕೂತು, ಚಾಕು ಚಮಚಗಳ ಕಾಟ ತಾಳದೆ, ಮನೆಗೆ ಬಂದು ಹೆಂಡತಿ ಲೀಲಾ ಬಡಿಸಿದ ಬೇಳೆಯನ್ನು ಬೆರಳುಗಳಲ್ಲಿ ಕಲಸಿಕೊಂಡು ಉಣ್ಣುತ್ತ ಅವರಿಗೆಲ್ಲ ತೋರಿಸುತ್ತೇನೆಂದು ಗೊಣಗುತ್ತಾನೆ. ತಟ್ಟೆ ಮತ್ತೆ ಬಂತಲ್ಲ ಎಂದುಕೊಂಡೆ. ಈ ಸಲ ಉಣ್ಣದೆ ಎದ್ದುಬಂದದ್ದು ಹಟದಿಂದಲ್ಲ, ಉಣ್ಣುವ ರೀತಿ ತಿಳಿಯದ್ದರಿಂದ. ಆ ಅವಮಾನ ಅವನನ್ನು ಬದಲಿಸುತ್ತದೆ.

ಬದಲಾವಣೆ ಪೂರ್ತಿಯಾಗುವುದು ಕಬ್ಬಿನ ಕೂಲಿಗಳ ಮುಷ್ಕರದಲ್ಲಿ. ರಾಜಿ ಮಾಡಿಸಲೆಂದು ಹೋದ ಗಣೇಶ ಮುಷ್ಕರದವರ ಕಷ್ಟವನ್ನು ವಿಚಾರಿಸದೆ ಭಾಷಣಕ್ಕೆ ನಿಲ್ಲುತ್ತಾನೆ. ಜನ ಅವನನ್ನು ಕೂಗಿ ಓಡಿಸುತ್ತಾರೆ. ಓಡಿಸಿದವರು ಯಾರ ಮೊಮ್ಮಕ್ಕಳು? ಅವನ ಅಜ್ಜನ ಹಾಗೆಯೇ ಕರಾರು ಬರೆದುಕೊಟ್ಟು ಬಂದವರ ಮೊಮ್ಮಕ್ಕಳು. ಅಲ್ಲಿಂದ ಮುಂದೆ ಅವನು ಸಭಾತ್ಯಾಗ ಮಾಡುವುದಿಲ್ಲ. ಕಾರ್ಮಿಕರೆಲ್ಲ ಕಮ್ಯೂನಿಸ್ಟರ ಕೈಗೊಂಬೆಗಳೆಂದು ಹೇಳತೊಡಗುತ್ತಾನೆ. 1950ರ ಚುನಾವಣೆಯಲ್ಲಿ ಅವನು ಗೆಲ್ಲುವಂತಿಲ್ಲವೆಂದು ಕಂಡು ಸರ್ಕಾರ ಅವನನ್ನು ತಾನೇ ನಾಮಕರಣ ಮಾಡುತ್ತದೆ. ಇಲ್ಲಿ ಕಾದಂಬರಿ ಎಂತಹ ಕಟುವಾದ ಮಾತನ್ನು ಎಷ್ಟು ಮೆಲ್ಲಗೆ ಆಡಿದೆ ನೋಡಿ. ದ್ವೀಪದ ಚರಿತ್ರೆ ನಾಮಕರಣದಿಂದ ಚುನಾವಣೆಗೆ, ಕೆಲವರ ಓಟಿನಿಂದ ಎಲ್ಲರ ಓಟಿಗೆ ನಡೆದುಬಂತು. ಗಣೇಶ ಅದೇ ದಾರಿಯಲ್ಲಿ ಹಿಂದುಮುಂದಾಗಿ ನಡೆದು ಫಿಟ್ಸ್‌ಪ್ಯಾಟ್ರಿಕ್ಕರ 1912ರ ಕುರ್ಚಿಗೆ ತಲಪುತ್ತಾನೆ.

ಕೊನೆಯಲ್ಲಿ ಅವನು ಹೆಸರನ್ನೂ ಬದಲಿಸಿಕೊಂಡಿರುತ್ತಾನೆ. ಬಾಲ್ಯದಲ್ಲಿ ಅವನಿಂದ ಕಾಲಿಗೆ ಔಷಧ ಮಾಡಿಸಿಕೊಂಡಿದ್ದ ಕಥೆಗಾರ ಇಂಗ್ಲೆಂಡಿನ ರೈಲ್ವೆ ನಿಲ್ದಾಣದಲ್ಲಿ ಅವನನ್ನು ಎದುರುಗೊಂಡು ಪಂಡಿತರೇ ಎಂದು ಕೂಗಿದರೆ, ಆತ ತಣ್ಣಗೆ ತನ್ನ ಹೊಸ ಹೆಸರನ್ನು ತಿಳಿಸುತ್ತಾನೆ: ಜಿ. ರಾಮ್ಸೆ ಮ್ಯೂರ್. ಅಲ್ಲಿಗೆ ಕಥೆ ಮುಗಿಯಿತು. ಬಹಳ ಮಂದಿ ವಿಮರ್ಶಕರು ಈ ಮುಕ್ತಾಯವನ್ನು ಮೆಚ್ಚಿದ್ದಾರೆ. ಮೆಚ್ಚತಕ್ಕದ್ದೇ. ಆದರೆ ನನ್ನ ತಕರಾರಿರುವುದೂ ಇಲ್ಲಿಯೇ.

ಟ್ರಿನಿಡಾಡಿನ ರಾಜಕೀಯದಲ್ಲಿ ಹೆಸರು ಬದಲಿಸಿಕೊಂಡ ಇನ್ನೊಬ್ಬ ಭಾರತೀಯನಿದ್ದ, ಕಥೆಯಲ್ಲಲ್ಲ, ನಿಜವಾಗಿ. 1905ರಲ್ಲಿ ಹುಟ್ಟಿದ ಕೃಷ್ಣ ದೇವನಾರಾಯಣ್ ಎಂಬ ತರುಣ ಏಡ್ರಿಯನ್ ಕೋಲಾ ರಿಯೆಂಜಿ ಎಂದು ಹೆಸರಿಟ್ಟುಕೊಂಡ. ಮಧ್ಯಯುಗದ ರೋಮಿನಲ್ಲಿ ಜನರ ಪಕ್ಷ ಹಿಡಿದು ನಿಂತ ಒಬ್ಬ ನಾಯಕನ ಹೆಸರದು. 1937ರಲ್ಲಿ ಎಣ್ಣೆಗಣಿಗಳಲ್ಲಿ ಮುಷ್ಕರ, ಗಲಭೆಗಳಾದಾಗ ಈ ರಿಯೆಂಜಿ ಎಣ್ಣೆ ಕಾರ್ಮಿಕರ ಸಂಘಕ್ಕೂ ಸಕ್ಕರೆ ಕಾರ್ಮಿಕರ ಸಂಘಕ್ಕೂ ಅಧ್ಯಕ್ಷನಾದ. ಎಣ್ಣೆಗಣಿಯಲ್ಲಿ ದುಡಿಯುತ್ತಿದ್ದವರು ಬಹುಮಟ್ಟಿಗೆ ಆಫ್ರಿಕ ಮೂಲದವರು. ಕಬ್ಬಿನ ಗದ್ದೆಯಲ್ಲಿ ದುಡಿಯುತ್ತಿದ್ದವರು ಭಾರತೀಯರು. ಈ ಎರಡು ಕೈಗಳನ್ನು ಒಂದು ಸಲವಾದರೂ ಜೋಡಿಸಿ ಹಿಡಿದವನು ಅವನು. 1938ರಲ್ಲಿ ಶಾಸನಸಭೆಗೆ ಆರಿಸಿಬಂದ. ಹೀಗೆ ಒಬ್ಬನು ತನ್ನ ಹೆಸರನ್ನು ಬಿಟ್ಟು ಆಳುವವರ ಮೇಜಿಗೆ ಹೋದ, ಇನ್ನೊಬ್ಬನು ತನ್ನ ಹೆಸರನ್ನು ಬಿಟ್ಟು ಆಳುಗಳ ಬಳಿಗೆ ಹೋದ. ನೈಪಾಲರ ಲೋಕದಲ್ಲಿ ಮೊದಲನೆಯವನಿಗೆ ಇಡೀ ಒಂದು ಕಾದಂಬರಿಯಿದೆ. ಎರಡನೆಯವನಿಗೆ ಒಂದು ಮೂಲೆಯೂ ಇಲ್ಲ. ಮುಷ್ಕರದ ಪ್ರಸಂಗದಲ್ಲಿ ಕಾರ್ಮಿಕರ ಕಡೆಯ ಮುಖಂಡರೂ ನಗೆಯ ಸರಕುಗಳೇ.

ನನ್ನ ವಾದಕ್ಕೆ ಅನುಕೂಲವಲ್ಲದ ಸಂಗತಿಯನ್ನೂ ಹೇಳಿಬಿಡುವುದು ನ್ಯಾಯ. 1944ರಲ್ಲಿ ಈ ರಿಯೆಂಜಿಯೂ ಸರ್ಕಾರದ ವಕೀಲನ ಹುದ್ದೆಯನ್ನು ಒಪ್ಪಿಕೊಂಡು ರಾಜಕೀಯದಿಂದ ಸರಿದುಹೋದ. ನೈಪಾಲರ ಪಕ್ಷದವರು ಇದನ್ನೇ ಎತ್ತಿ ಹಿಡಿದು, ಕೊನೆಗೆ ಎಲ್ಲರೂ ರಾಮ್ಸೆ ಮ್ಯೂರ್‌ಗಳೇ ಅಲ್ಲವೇ ಎನ್ನಬಹುದು. ಇರಬಹುದು. ಆದರೆ ಏಳು ವರ್ಷ ಒಬ್ಬ ಮನುಷ್ಯ ಏನು ಮಾಡಿದ ಎಂಬುದನ್ನು ಅವನ ಎಂಟನೆಯ ವರ್ಷ ಅಳಿಸಿಹಾಕುವುದಿಲ್ಲ. ಆ ಏಳು ವರ್ಷಗಳ ಬಗ್ಗೆ ಬರೆಯುವುದು ಕಾದಂಬರಿಕಾರನಿಗೆ ಹೆಚ್ಚು ಕಷ್ಟದ ಕೆಲಸ. ನೈಪಾಲರು ಸುಲಭವಾದದ್ದನ್ನು ಆರಿಸಿಕೊಂಡು ಅದನ್ನು ಅಸಾಧಾರಣವಾಗಿ ಮಾಡಿದರು.

‘ಎಲ್ವೀರಾ’ದಲ್ಲಿ ಈ ತಕರಾರು ಅಷ್ಟಾಗಿ ಏಳುವುದಿಲ್ಲ, ಏಕೆಂದರೆ ಅಲ್ಲಿ ನಾಯಕ ಒಬ್ಬನಲ್ಲ, ಊರು. ಕಾಲ 1950ರ ಚುನಾವಣೆ. ಎಲ್ಲರಿಗೂ ಓಟು ಬಂದ ಮೊದಲ ಸಲ ಊರಿಗೆ ಅದರ ಉಪಯೋಗ ತಿಳಿದಿರಲಿಲ್ಲ. ಎರಡನೆಯ ಸಲಕ್ಕೆ ಚೆನ್ನಾಗಿ ತಿಳಿದಿದೆ. ಲಾರಿಗಳ ಒಡೆಯ ಹರಬನ್ಸ್ ಉಮೇದುವಾರ. ಮುಸಲ್ಮಾನರ ಓಟು ದರ್ಜಿ ಬಕ್ಷನ ಕೈಯಲ್ಲಿದೆ. ಅವನಿಗೆ ಧ್ವನಿವರ್ಧಕದ ವ್ಯಾನು ಬೇಕು, ಮಗ ಫೋಮನಿಗೆ ಸಂಬಳ ಬೇಕು. ಹಿಂದೂಗಳ ಓಟು ಅಕ್ಕಸಾಲಿ ಚಿತ್ತರಂಜನನ ಕೈಯಲ್ಲಿದೆ. ಅವನಿಗೆ ತನ್ನ ಮಗಳು ನೆಲ್ಲಿಯನ್ನು ಹರಬನ್ಸನ ಮಗನಿಗೆ ಕೊಡಬೇಕೆಂಬ ಆಸೆ. ಆಫ್ರಿಕ ಮೂಲದವರ ಓಟು ಪ್ರೀಚರ್ ಎಂಬ ಎದುರಾಳಿಗೆ. ಸ್ಪ್ಯಾನಿಷರ ಓಟನ್ನು ಸೈಕಲ್ ಏರಿ ಬರುವ ಇಬ್ಬರು ಬಿಳಿಯ ಧರ್ಮಪ್ರಚಾರಕಿಯರು ಕೆಡಿಸುತ್ತಿದ್ದಾರೆ: ಓಟುಹಾಕುವುದೇ ಪಾಪವಂತೆ. ಹರಬನ್ಸ್ ಊರಿನ ಜನರನ್ನು ನೋಡಿದಾಗಲೆಲ್ಲ ಅವನ ಕಣ್ಣಿಗೆ ಕಾಣುವುದು ಮುಖಗಳಲ್ಲ, ಸಾವಿರದ ಕಟ್ಟುಗಳು.

ಈ ಲೆಕ್ಕ ನನಗೆ ಹೊಸದಲ್ಲ. ನಾನು ಹುಡುಗನಾಗಿದ್ದಾಗ ನಮ್ಮೂರ ಚಾವಡಿಯ ಜಗಲಿಯ ಮೇಲೆ ಒಬ್ಬ ಹಿರಿಯರು ಬಳಪದಿಂದ ಮೇಲಿನ ಕೇರಿಗೆ ಇಷ್ಟು, ಕೆಳಗಿನ ಕೇರಿಗೆ ಇಷ್ಟು, ಹೊಳೆಯಾಚೆಯವರು ಇಷ್ಟು ಎಂದು ಗೀಟುಹಾಕಿ ಕೂಡುತ್ತಿದ್ದರು. ಲೆಕ್ಕ ತಪ್ಪಿದರೆ ಉಗುಳು ಹಚ್ಚಿ ಅಳಿಸುತ್ತಿದ್ದರು. ನಮ್ಮ ತಂದೆ ಯಾವ ಗೀಟಿನಲ್ಲಿ ಸೇರಿದ್ದಾರೆಂದು ಕೇಳಿ ನಾನು ಬೈಸಿಕೊಂಡದ್ದುಂಟು. ಎಲ್ವೀರಾ ಓದುವಾಗ ಆ ಜಗಲಿ ಮತ್ತೆ ಮತ್ತೆ ಕಣ್ಣಮುಂದೆ ಬಂತು. ಹಾಗಾಗಿ ಇದು ಭಾರತೀಯರನ್ನು ಗೇಲಿಮಾಡಲೆಂದೇ ಬರೆದ ಪುಸ್ತಕವೆಂಬ ದೂರನ್ನು ನಾನು ಒಪ್ಪಲಾರೆ. ಪ್ರತ್ಯೇಕ ಪ್ರಾತಿನಿಧ್ಯ ಬೇಡವೆಂದು ವುಡ್ ಸಾಹೇಬರು ಕಾಗದದ ಮೇಲೆ ಬರೆದರೂ ಓಟು ಬಂದ ಕೂಡಲೆ ಜನ ತಮ್ಮ ತಮ್ಮ ಗೀಟಿನೊಳಗೆ ತಾವೇ ಹೋಗಿ ನಿಂತರು. ನೈಪಾಲರು ಅದನ್ನು ಕಂಡಂತೆ ಬರೆದರು.

ಅಷ್ಟೇ ಅಲ್ಲ, ಗೀಟುಗಳು ಒಂದನ್ನೊಂದು ದಾಟುವುದನ್ನೂ ಅವರು ಬರೆದಿದ್ದಾರೆ. ಪ್ರೀಚರನ ಪಕ್ಷದ ಮುದುಕ ಕಫಿ ಸತ್ತಾಗ ಹಿಂದೂ ಉಮೇದುವಾರನೇ ಹಣಕೊಟ್ಟು ಜಾಗರಣೆ ನಡೆಸುತ್ತಾನೆ. ಓಟಿಗಾಗಿಯೇ, ಸಂದೇಹವಿಲ್ಲ. ಆದರೆ ಆ ರಾತ್ರಿ ಊರೆಲ್ಲ ಒಂದೆಡೆ ಸೇರುತ್ತದೆ. ಮಾಟಕ್ಕೆ ಹೆದರುವುದರಲ್ಲಂತೂ ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದವೇ ಇಲ್ಲ. ಒಂದು ನಾಯಿಮರಿ ಇಡೀ ಕ್ಷೇತ್ರವನ್ನು ನಡುಗಿಸಿಬಿಡುತ್ತದೆ. ಬಕ್ಷನ ಹೆಂಡತಿಯ ಪಾತ್ರವನ್ನು ಇಲ್ಲಿ ನೆನೆಯಲೇಬೇಕು. ಈ ಚುನಾವಣೆಯಿಂದ ಮನೆಗೆ ಒಳ್ಳೆಯದಾಗುವುದಿಲ್ಲವೆಂದು ಮೊದಲಿನಿಂದ ಸಾರುತ್ತ ಬಂದವಳು ಅವಳು. ಇವಳ ಮಾತನ್ನು ಕನ್ನಡದಲ್ಲಿ ಕೇಳಿದರೆ ನಮ್ಮ ಹಳ್ಳಿಯ ಯಾವ ಅಡಿಗೆಮನೆಯಲ್ಲೂ ಹೊಂದುತ್ತದೆ. ‘ಮಿಸ್ಟಿಕ್ ಮ್ಯಾಸರ್’ನಲ್ಲಿಯೂ ಬಿಹಾರಿ ಎಂಬ ಅಂಗಡಿಯವನ ಹೆಂಡತಿಗೆ ಸೂರಜನ ಅಮ್ಮ ಎಂಬುದೇ ಹೆಸರು; ಹೆತ್ತ ಮಗನ ಹೆಸರಿನಿಂದ ತಾಯಿಯನ್ನು ಕರೆಯುವ ಈ ಬಳಕೆ ನಮಗೂ ಮನೆಯದೇ. ಆ ದ್ವೀಪದ ಒಡೆದ ಇಂಗ್ಲಿಷಿನ ಒಳಗೆ ನಮ್ಮ ದೇಶದ ಹಳ್ಳಿಯ ಉಸಿರಿದೆ. ಈ ಎರಡು ಪುಸ್ತಕಗಳನ್ನು ಯಾರಾದರೂ ಸಮರ್ಥರು ಕನ್ನಡಕ್ಕೆ ತರುವುದಾದರೆ ಗ್ರಾಂಥಿಕ ಭಾಷೆಯನ್ನು ಹೊಸಲಿನಾಚೆ ಬಿಟ್ಟುಬರಬೇಕು.

ಇಷ್ಟೆಲ್ಲ ಮೆಚ್ಚಿದ ಮೇಲೆಯೂ ಒಂದು ಕೊರತೆ ಕಾಡುತ್ತದೆ. ಓಟು ಈ ಜನಕ್ಕೆ ಏಕೆ ಬೇಕಾಗಿತ್ತು ಎಂಬುದು ಎರಡು ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲ. ಎಲ್ಲರಿಗೂ ಓಟು ಕೊಡುವ ವಿಚಾರವಾಗಿ ನೇಮಕವಾದ ಸಮಿತಿ 1944ರಲ್ಲಿ ವರದಿ ಕೊಟ್ಟಾಗ, ಇಂಗ್ಲಿಷ್ ತಿಳಿಯದವರಿಗೆ ಓಟಿಲ್ಲ ಎಂಬ ಷರತ್ತನ್ನು ಸೇರಿಸಿತ್ತು. ಹೊಡೆತ ಬೀಳುತ್ತಿದ್ದದ್ದು ಭೋಜಪುರಿಯಷ್ಟೇ ಬಲ್ಲ ಮುದುಕರಿಗೂ ಹೆಂಗಸರಿಗೂ. ಭಾರತೀಯರು ಸಭೆ ಸೇರಿ, ಅರ್ಜಿ ಬರೆದು, ಗದ್ದಲಮಾಡಿ, ಕೊನೆಗೆ ಲಂಡನ್ನಿನ ಕೈಯಿಂದ ಆ ಷರತ್ತನ್ನು ತೆಗೆಸಿದರು. ಸೂರಜನ ಅಮ್ಮನಂಥವರು ಗಣೇಶನಿಗೆ ಓಟುಹಾಕಲು ಸಾಧ್ಯವಾದದ್ದು ಆ ಗದ್ದಲದಿಂದ. ಕಾದಂಬರಿಯಲ್ಲಿ ಓಟು ಆಕಾಶದಿಂದ ಮಳೆಯಂತೆ ಬೀಳುತ್ತದೆ. ಜನ ಬೊಗಸೆಯೊಡ್ಡಿ ಗಲಾಟೆಮಾಡುತ್ತಾರೆ.

ಇನ್ನೊಂದು ಸಂಗತಿ. ಖಿಚಡಿಯ ಪ್ರಸಂಗ ಓದಿ ನಗುವಾಗ ನನಗೆ ಇದು ತಿಳಿದಿರಲಿಲ್ಲ. ತಿಳಿದ ಮೇಲೆ ಅಷ್ಟು ಸರಾಗವಾಗಿ ನಗಲು ಆಗಿಲ್ಲ. ಆ ಕಾಲದ ಟ್ರಿನಿಡಾಡಿನಲ್ಲಿ ಹಿಂದೂ ವಿಧಿಯಂತೆ ನಡೆದ ಮದುವೆ, ಬೇರೆಯಾಗಿ ಸರ್ಕಾರದಲ್ಲಿ ನೋಂದಾಯಿಸದ ಹೊರತು, ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ. ಆ ಮಕ್ಕಳು ಔರಸರಲ್ಲ. ತಂದೆ ಸತ್ತರೆ ಆಸ್ತಿಗಾಗಿ ಪಡಿಪಾಟಲು. ಅದಕ್ಕೊಂದು ಶಾಸನ ಆದದ್ದು 1945ರಲ್ಲಿ. ಶಾಸನಸಭೆಯಲ್ಲಿ ತಮ್ಮವನೊಬ್ಬ ಕೂರಬೇಕೆಂದು ಜನ ಹಂಬಲಿಸಿದ್ದು ಇಂಥವಕ್ಕಾಗಿ; ವ್ಯಾನಿಗೂ ವಿಸ್ಕಿಗೂ ಮಾತ್ರವಲ್ಲ. ಹಾಸ್ಯಗಾರನಿಗೆ ಎಲ್ಲವನ್ನೂ ಹೇಳುವ ಹೊಣೆಯಿಲ್ಲವೆಂಬುದನ್ನು ಬಲ್ಲೆ. ಆದರೂ ರಾಮಲೋಗನ್ ಚೆಲ್ಲಿದ ನೋಟುಗಳ ಕೆಳಗೆ ಕಾನೂನಿನ ನೆಲವೇ ಇರಲಿಲ್ಲವೆಂಬುದು ಆ ದೃಶ್ಯದೊಳಗೆ ಒಂದು ಮಾತಾಗಿ ಬಂದಿದ್ದರೆ ಹಾಸ್ಯ ಕುಗ್ಗುತ್ತಿರಲಿಲ್ಲ, ಇನ್ನೂ ಆಳಕ್ಕಿಳಿಯುತ್ತಿತ್ತು.

ನೈಪಾಲರಿಗೆ ಈ ರಾಜಕೀಯ ದೂರದ್ದೇನೂ ಆಗಿರಲಿಲ್ಲ. ತಾಯಿಯ ಕಡೆಯ ಕಪಿಲದೇವ ಮನೆತನವೇ ಅದರಲ್ಲಿ ಮುಳುಗಿತ್ತು. ಸೋದರಮಾವ ರುದ್ರನಾಥ ಕಪಿಲದೇವರು ಗಣಿತದ ದೊಡ್ಡ ವಿದ್ವಾಂಸರು. 1960ರ ದಶಕದಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದುಕೊಂಡೇ ಲಂಡನ್ನಿನಲ್ಲಿ ಪಾಠವನ್ನೂ ಹೇಳುತ್ತಿದ್ದರು. ಕಥೆಯಲ್ಲಿ ಬರೆದಿದ್ದರೆ ಉತ್ಪ್ರೇಕ್ಷೆಯೆನ್ನುತ್ತಿದ್ದೆವು. ನೈಪಾಲರು 1950ರಲ್ಲಿ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟವರು. ಎರಡೂ ಪುಸ್ತಕಗಳನ್ನು ಬರೆದದ್ದು ಇಂಗ್ಲೆಂಡಿನಲ್ಲಿ ಕೂತು, ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ. ದ್ವೀಪ 1962ರಲ್ಲಿ ಸ್ವತಂತ್ರವಾಯಿತು. 1995ರಲ್ಲಿ ಕಬ್ಬಿನ ಸೀಮೆಯ ಬಸುದೇವ ಪಾಂಡೆ ಪ್ರಧಾನಿಯಾದರು, ಸಕ್ಕರೆ ಕಾರ್ಮಿಕರ ಸಂಘದಿಂದಲೇ ಮೇಲೆದ್ದು ಬಂದವರು.

ಮತ್ತೆ ಆ ರೈಲ್ವೆ ನಿಲ್ದಾಣದ ದೃಶ್ಯಕ್ಕೆ ಬರುತ್ತೇನೆ. ಮೊದಲ ಸಲ ಓದಿದಾಗ ನನ್ನ ಕಣ್ಣೆಲ್ಲ ಗಣೇಶನ ಸೂಟಿನ ಮೇಲಿತ್ತು. ಈ ಸಲ ಕಥೆಗಾರನ ಮೇಲೆ ಬಿತ್ತು. ಅವನೂ ದ್ವೀಪ ಬಿಟ್ಟು ಬಂದವನೇ, ಇಂಗ್ಲೆಂಡಿನಲ್ಲಿ ಓದುತ್ತಿರುವವನೇ. ಬರುವ ಗಣ್ಯನನ್ನು ಎದುರುಗೊಳ್ಳಲು ಅವನನ್ನು ಕಳುಹಿಸಿದ್ದಾರೆ. ಇಳಿಯುವ ಜನರ ನಡುವೆ ಒಂದು ಕಪ್ಪು ಮುಖಕ್ಕಾಗಿ ಹುಡುಕುತ್ತ ನಿಂತಿದ್ದಾನೆ. ಗಣೇಶನ ಹೊಸ ಹೆಸರು ಕೇಳಿದ ಮೇಲೆ ಅವನು ಏನೆಂದುಕೊಂಡ, ತನ್ನ ಹೆಸರನ್ನು ಏನೆಂದು ಹೇಳಿಕೊಂಡ ಎಂಬುದನ್ನು ನೈಪಾಲರು ಬರೆದಿಲ್ಲ.